ಸರದಿ ಇದ್ದರೂ ಸಿಗದ ಪಂದ್ಯ

1937ರ ಜೂನ್ 3. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗದವರ ಮುಂದೆ ತೂಕದ ಮೆಷಿನ್ ಹತ್ತಿ ನಿಂತರು. ಎದುರಾಳಿ ಬರಲೇ ಇಲ್ಲ. ಹೆವಿವೇಟ್ ಚಾಂಪಿಯನ್ ಜೇಮ್ಸ್ ಬ್ರಾಡಾಕ್ ಅಷ್ಟರಲ್ಲಿ ಶಿಕಾಗೋದಲ್ಲಿ ಜೋ ಲೂಯಿಸ್ ಜೊತೆ ಆಡಲು ಒಪ್ಪಿದ್ದರು. ಹಿಂದಿನ ವರ್ಷವಷ್ಟೇ ಅದೇ ಲೂಯಿಸ್‌ರನ್ನು ನಾಕೌಟ್ ಮಾಡಿದ್ದವರು ಶ್ಮೆಲಿಂಗ್. ಸರದಿ ಅವರದೇ, ಅಲ್ವಾ?

ಆದರೆ ಬ್ರಾಡಾಕ್ ಕಡೆಯವರಿಗೆ ಸಿಕ್ಕ ಒಪ್ಪಂದ ಭಾರಿಯದು. ಲೂಯಿಸ್ ಗೆದ್ದರೂ, ಅವರ ಪಂದ್ಯಗಳ ಲಾಭದಲ್ಲಿ 10 ವರ್ಷ ಶೇ 10ರಷ್ಟು ಪಾಲು ಇವರಿಗೆ. ಜೊತೆಗೆ ನಾಜಿ ಜರ್ಮನಿ ಮೇಲಿನ ಸಿಟ್ಟಿನಿಂದ ಶ್ಮೆಲಿಂಗ್ ಪಂದ್ಯದ ಬಹಿಷ್ಕಾರದ ಮಾತೂ ಎದ್ದಿತ್ತು. ಆಯೋಗ ಬ್ರಾಡಾಕ್‌ಗೆ ದಂಡ ಹಾಕಿತು, ಅಷ್ಟೇ. ಅದರ ಮಾತು ನಡೆಯುತ್ತಿದ್ದುದು ತನ್ನ ರಾಜ್ಯದ ಗಡಿಯವರೆಗೆ ಮಾತ್ರ. ಪಂದ್ಯವನ್ನು ಬೇರೆ ಊರಿಗೆ ಒಯ್ದರೆ ಮುಗಿಯಿತು.

ಈ ದಾರಿಯಿಂದ ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿಂದವರು ಹ್ಯಾರಿ ವಿಲ್ಸ್. ನ್ಯೂ ಆರ್ಲಿಯನ್ಸ್‌ನ ಬಂದರಿನಲ್ಲಿ ಮೂಟೆ ಹೊತ್ತು ಬೆಳೆದ ಕಪ್ಪು ಬಾಕ್ಸರ್. 1920ರ ದಶಕದಲ್ಲಿ ವರ್ಷಗಟ್ಟಲೆ ಅವರೇ ಮುಂದಿನ ಸವಾಲುಗಾರ ಎಂದು ಎಲ್ಲರಿಗೂ ಗೊತ್ತಿತ್ತು. ಚಾಂಪಿಯನ್ ಜಾಕ್ ಡೆಂಪ್ಸಿ ಎದುರು ಪಂದ್ಯಕ್ಕೆ 1925ರಲ್ಲಿ ಸಹಿಯೂ ಬಿತ್ತು. ವಿಲ್ಸ್‌ಗೆ 50,000 ಡಾಲರ್ ಮುಂಗಡ ಬಂತು, ಡೆಂಪ್ಸಿಗೆ ಕೊಟ್ಟ ಚೆಕ್ ಬೌನ್ಸ್ ಆಯಿತು. ಪಂದ್ಯ ಅಲ್ಲಿಗೇ ನಿಂತಿತು. ಮರುವರ್ಷ ನ್ಯೂಯಾರ್ಕ್ ಆಯೋಗ, ಮೊದಲು ವಿಲ್ಸ್ ಜೊತೆ ಆಡಿ ಎಂದು ಪಟ್ಟು ಹಿಡಿಯಿತು. ಪ್ರಮೋಟರ್ ಟೆಕ್ಸ್ ರಿಕಾರ್ಡ್, ಡೆಂಪ್ಸಿ ಮತ್ತು ಜೀನ್ ಟನ್ನಿ ಪಂದ್ಯವನ್ನು ಫಿಲಡೆಲ್ಫಿಯಾಕ್ಕೆ ಒಯ್ದರು. ಸುಮಾರು 1,20,000 ಜನ ಸೇರಿದರು. ವಿಲ್ಸ್‌ಗೆ ಆ ಅವಕಾಶ ಕೊನೆಗೂ ಸಿಗಲಿಲ್ಲ. 1915ರಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ ಲೂಯಿಸ್ ಬರುವ ತನಕ, 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಆ ಬಾಗಿಲು ತೆರೆಯಲಿಲ್ಲ. ಇದನ್ನು ಸುಮ್ನೆ ವ್ಯಾಪಾರ ಎಂದು ನಾನಂತೂ ಒಪ್ಪಲಾರೆ.

ಆಮೇಲೂ ಆಯ್ಕೆ ಮಾಡುತ್ತಿದ್ದವರು ಚಾಂಪಿಯನ್ ಕಡೆಯವರೇ. 1957ರಲ್ಲಿ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಸಿಯಾಟಲ್‌ನಲ್ಲಿ ಎದುರಿಸಿದ್ದು ಪೀಟ್ ರಾಡೆಮಾಕರ್‌ರನ್ನು. ಒಲಿಂಪಿಕ್ ಚಿನ್ನ ಗೆದ್ದವರು ನಿಜ, ಆದರೆ ವೃತ್ತಿಪರರಾಗಿ ಅದೇ ಅವರ ಮೊದಲ ಪಂದ್ಯ! ಜೋರಾ ಫಾಲಿ, ಎಡ್ಡಿ ಮಾಚೆನ್‌ರಂಥ ಸವಾಲುಗಾರರು ಕಾಯುತ್ತಲೇ ಇದ್ದರು. ಅವರಿಬ್ಬರನ್ನೂ 1960ರಲ್ಲಿ ಸೋಲಿಸಿದ ಸನ್ನಿ ಲಿಸ್ಟನ್ ಕೂಡ ಎರಡು ವರ್ಷ ಕಾಯಬೇಕಾಯಿತು. ಅವರ ಜೈಲುವಾಸ, ಮಾಫಿಯಾ ನಂಟು ಅಡ್ಡ ಬಂದವು. ನ್ಯೂಯಾರ್ಕ್ ಲೈಸೆನ್ಸ್ ಕೊಡಲಿಲ್ಲ. ಪಂದ್ಯ ಮತ್ತೆ ಶಿಕಾಗೋಕ್ಕೆ ಹೋಯಿತು, ಲೂಯಿಸ್ ಪಟ್ಟ ಗೆದ್ದಿದ್ದ ಅದೇ ಕಾಮಿಸ್ಕಿ ಪಾರ್ಕ್‌ಗೆ. 1962ರ ಸೆಪ್ಟೆಂಬರ್ 25ರಂದು ಪ್ಯಾಟರ್ಸನ್‌ರನ್ನು ನಾಕೌಟ್ ಮಾಡಲು ಲಿಸ್ಟನ್‌ಗೆ ಬೇಕಾಗಿದ್ದು 2 ನಿಮಿಷ 6 ಸೆಕೆಂಡ್.