ತಾಳ ಬಿಟ್ಟ ಫಾಂದಾಂಗೊ

ಸ್ಪೇನಿನ ಫ್ಲಮೆಂಕೊ ಹಾಡಿನ ಮಾತು ಬಂದಾಗಲೆಲ್ಲ ನನಗೆ ಎರಡು ಥರದ ಜನ ಸಿಗುತ್ತಾರೆ. ಅದು ಜಿಪ್ಸಿಗಳ ಅಪ್ಪಟ ಹಾಡು, ಬಜಾರಿನ ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವವರು ಒಂದು ಕಡೆ. ಇನ್ನೊಂದು ಕಡೆ ನಮ್ಮವರೇ: "ಅದು ನಮ್ಮ ತೋಡಿ ರಾಗ ಸ್ವಾಮಿ, ಇಲ್ಲಿಂದಲೇ ಹೋಗಿದ್ದು." ರೋಮಾ ಜನರ, ಅಂದರೆ ಜಿಪ್ಸಿಗಳ, ಹಿರೀಕರು ಭಾರತದಿಂದ ಹೋದದ್ದು ನಿಜ, ಅವರ ಭಾಷೆಯೇ ಸಾಕ್ಷಿ. ತೋಡಿಯ ಸ್ವರಗಳು ಅಲ್ಲಿ ಕೇಳಿಸುವುದೂ ನಿಜ. ಆದರೆ ಅವೇ ಸ್ವರಗಳು ಸ್ಪೇನಿನ ನಡುಭಾಗದ ಕ್ಯಾಸ್ಟೀಲಿನ ರೈತರ ಹಳ್ಳಿ ಹಾಡಲ್ಲೂ ಇವೆಯಲ್ಲ, ಅದಕ್ಕೇನಂತೀರಿ? ಮೂಗು ಒಂದೇ ಥರ ಇದ್ದ ಮಾತ್ರಕ್ಕೆ ನೆಂಟರಾಗಿಬಿಡುವುದಿಲ್ಲ.

ಬಜಾರಿನ ಹಾಡಿಗೂ ಫ್ಲಮೆಂಕೊಗೂ ನಂಟಿದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಫಾಂದಾಂಗೊ. 18ನೇ ಶತಮಾನದಲ್ಲಿ ಸ್ಪೇನಿನ ತುಂಬ ಕುಣಿಯುತ್ತಿದ್ದ, ಮೂರೆಣಿಕೆಯ ಹಾಡು. ದಕ್ಷಿಣ ಸ್ಪೇನಿನ ಮಾಲಗಾ ಊರಿನ ಸುತ್ತಿನ ಬೆಟ್ಟಗಳಲ್ಲಿ ಅದರ ಒಂದು ರೂಪ, ವೆರ್ದಿಯಾಲೆಸ್, ಇವತ್ತಿಗೂ ಪಿಟೀಲು, ತಾಳ, ಗಿಟಾರ್ ಸಮೇತ ಜೋರಾಗಿ ನಡೆಯುತ್ತದೆ. ಪದ್ಯ ನಾಲ್ಕೈದು ಸಾಲಿನದು, ಒಂದೆರಡು ಸಾಲು ಮತ್ತೆ ಹೇಳಿ ಆರು ತುಂಡು ಮಾಡುತ್ತಾರೆ. ಪ್ರತಿ ತುಂಡೂ ಒಂದು ಗೊತ್ತಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಮೇಲೆ ಇಳಿಯಬೇಕು. ಕೀಬೋರ್ಡ್ ಇದ್ದವರು ಒತ್ತಿ ನೋಡಿ: ಸಿ, ಎಫ್, ಸಿ, ಜಿ, ಸಿ, ಕೊನೆಗೆ ಎಫ್, ಅಲ್ಲಿಂದ ಜಾರಿ ಇ. ಆ ಕೊನೆಯ ಜಾರುವಿಕೆ ಬಂತೋ, ಕೇಳಿದವರೆಲ್ಲ "ಓ, ಸ್ಪೇನ್!" ಅನ್ನುತ್ತಾರೆ.

ಈಗ ಕುಣಿಯುವವರನ್ನು ಹೊರಗೆ ಕಳಿಸಿ. 19ನೇ ಶತಮಾನದ ಕೊನೆಗೆ ಹಾಡುಗಾರಿಕೆಯ ಕೆಫೆಗಳಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಜನ ಗ್ಲಾಸು ಹಿಡಿದು ಕೂತು ಕೇಳುತ್ತಾರೆ. ಕಾಲುಗಳಿಗಾಗಿ ತಾಳ ಕಾಯಬೇಕಿಲ್ಲ. ಆ ಕಾಲದ ಹಾಡುಗಾರ ಹುವಾನ್ ಬ್ರೇವಾ ಇನ್ನೂ ಕುಣಿತದ ಲಯದಲ್ಲೇ ಹಾಡುತ್ತಿದ್ದ. ಮುಂದಿನ ಹಾಡುಗಾರ ಆಂತೋನಿಯೊ ಚಾಕೋನ್ ಕಾಲಕ್ಕೆ ಹಾಡು ನಿಧಾನವಾಗಿ, ತಾಳ ಪೂರ್ತಿ ಕಳಚಿ, ಒಂದೊಂದು ಅಕ್ಷರಕ್ಕೂ ಗಮಕದ ಗೊಂಚಲು ಬೆಳೆದು, ಮಲಗೇನ್ಯಾ ಅನ್ನುವ ಬೇರೆಯೇ ಹಾಡಾಯಿತು. ಆದರೆ ಇಳಿದಾಣಗಳು ಅವೇ ಆರು! ಬಸ್ಸಿನ ದಾರಿಯಲ್ಲೇ ಒಬ್ಬ ನಡೆದು ಹೋಗುತ್ತಿದ್ದಾನೆ ಅಂದುಕೊಳ್ಳಿ. ಸ್ಟಾಪು ಒಂದೂ ತಪ್ಪಿಸುವುದಿಲ್ಲ, ಆದರೆ ಟೈಮಿನ ಹಂಗಿಲ್ಲ, ಬೇಕಾದಲ್ಲಿ ನಿಂತು ಅತ್ತು ಹೋಗುತ್ತಾನೆ. ಅಥವಾ ಬಟ್ಟೆ ಒಣಗಿಸುವ ಹಗ್ಗ: ಗೂಟ ಅಲ್ಲೇ ಇದೆ, ಹಗ್ಗ ಮಾತ್ರ ಸಡಿಲಾಗಿ ಜೋತುಬಿದ್ದಿದೆ. ಗಿಟಾರಿನವನು ಪ್ರತಿ ಗೂಟದ ಹತ್ತಿರ ಸುಮ್ನೆ ಕಾಯುತ್ತಾನೆ.

ಹಾಡು ಹೀಗೆ ಕೆಫೆ ಸೇರಿ ಬದಲಾದದ್ದನ್ನು ಒಪ್ಪದವರೂ ಸಣ್ಣ ಜನರಲ್ಲ. 1922ರ ಜೂನ್‌ನಲ್ಲಿ ಸಂಗೀತಗಾರ ಮಾನುವೆಲ್ ದೆ ಫಾಯಾ, ಕವಿ ಲೋರ್ಕಾ ಸೇರಿ ಗ್ರನಾಡಾದ ಅಲ್ಹಾಂಬ್ರಾದಲ್ಲಿ ಒಂದು ಸ್ಪರ್ಧೆ ಮಾಡಿದರು. ಶುದ್ಧ ಹಾಡು ಉಳಿಸಬೇಕು, ಹಣಕ್ಕೆ ಹಾಡುವವರು ಅದನ್ನು ಕೆಡಿಸಿದ್ದಾರೆ ಅನ್ನುವ ಚಿಂತೆ ಅವರದು. ಮಲಗೇನ್ಯಾವನ್ನು ಸ್ಪರ್ಧೆಯಿಂದಲೇ ಹೊರಗಿಟ್ಟರು. ತಮಾಷೆ ಅಂದರೆ ತೀರ್ಪುಗಾರರ ಮುಖ್ಯಸ್ಥ ಅದೇ ಚಾಕೋನ್, ಮಲಗೇನ್ಯಾದ ದೊಡ್ಡ ಉಸ್ತಾದ್.

ಅಲ್ಲಿ ಬಹುಮಾನ ಗೆದ್ದವರಲ್ಲಿ 12 ವರ್ಷದ ಒಬ್ಬ ಹುಡುಗನೂ ಇದ್ದ, ಮನೋಲೊ ಕರಾಕೋಲ್. 1940ರ ದಶಕದಲ್ಲಿ ಅವನೇ ಹಾಡುಗಾರ್ತಿ ಲೋಲಾ ಫ್ಲೋರೆಸ್ ಜೊತೆ ಥಿಯೇಟರುಗಳಲ್ಲಿ, ಆರ್ಕೆಸ್ಟ್ರಾ ಇಟ್ಟುಕೊಂಡು, ರೇಡಿಯೊದಲ್ಲಿ ಎಲ್ಲರೂ ಗುನುಗುವಂಥ ಕೊಪ್ಲಾ ಹಾಡುಗಳನ್ನು ಅದೇ ಫ್ಲಮೆಂಕೊದ ಒಡೆದ ದನಿಯಲ್ಲಿ ಹಾಡಿ ಹೆಸರಾದ. ಶುದ್ಧದವರು ಗೊಣಗಿದರು. ಅವನು ಮುಂದೆ ಗಿಟಾರಿನ ಜಾಗದಲ್ಲಿ ಪಿಯಾನೊ ಇಟ್ಟುಕೊಂಡೂ ಹಾಡಿದ.