ಮೂರು ಕಿಲೋ ಅಕ್ಕಿ, ಒಂದು ಛಡಿ

ಶಹಾಪುರ ತಾಲೂಕಿನ ನಮ್ಮೂರ ಸಾಲಿಗೆ ನನ್ನ ಹೆಸರು ಹಚ್ಚಿದ ದಿನ ಅಪ್ಪ ಮಾಸ್ತರರಿಗೆ ಹೇಳಿದ್ದು ಒಂದೇ ಮಾತು: "ಎಲುಬು ನಮ್ದು, ಚರ್ಮ ನಿಮ್ದು ನೋಡ್ರಿ ಸರ." ಉರ್ದುವಿನಲ್ಲೂ ಈ ಮಾತಿದೆ. ಮರಾಠಿ ಗಾಳಿ ಬೀಸುವ ಬೀದರ್ ಕಡೆ ಹೋದರೆ "ಛಡೀ ಲಾಗೇ ಛಮ್ ಛಮ್, ವಿದ್ಯಾ ಯೇಯೀ ಘಮ್ ಘಮ್" ಅನ್ನುತ್ತಾರೆ. ಭಾಷೆ ಯಾವುದಾದರೇನು, ಪೆಟ್ಟು ಬಿದ್ದರೆ ವಿದ್ಯೆ ಹತ್ತುತ್ತದೆ ಎಂಬ ನಂಬಿಕೆ ಒಂದೇ.

ಹತ್ತಿತೇ? ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಬರುವುದಿಲ್ಲ. ಮಗ್ಗಿ ಕೇಳುವ ದಿನ ಯಾರ ಬೆನ್ನ ಹಿಂದೆ ಕೂಡಬೇಕು, ಛಡಿ ಇಳಿಯುವ ಹೊತ್ತಿಗೆ ಅಂಗೈಯನ್ನು ಎಷ್ಟು ಕೆಳಗೆ ಬಿಟ್ಟರೆ ಪೆಟ್ಟು ಹಗುರಾಗುತ್ತದೆ ಎಂಬುದು ಮಾತ್ರ ಪಕ್ಕಾ ಬರುತ್ತದೆ.

1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ನೋಡಿದರು. ಒಳಗಿನ ದಾರ ಎಳೆದರೆ ಬಾಗಿಲು ತೆರೆಯುತ್ತದೆ, ಹೊರಗೆ ತಿನಿಸು. ಮೊದಮೊದಲು ಬರೀ ಪರಚಾಟ. ಮತ್ತೆ ಮತ್ತೆ ಹಾಕಿದಂತೆ ಬೆಕ್ಕು ಬೇಗ ಹೊರಬರತೊಡಗಿತು. ಇದರಿಂದ ಹುಟ್ಟಿದ್ದೇ ಬಿ.ಇಡಿ. ಓದಿದವರಿಗೆಲ್ಲ ಬಾಯಿಪಾಠವಾದ 'ಪರಿಣಾಮ ನಿಯಮ': ಹಿತ ತಂದ ಕೆಲಸ ಗಟ್ಟಿಯಾಗುತ್ತದೆ, ನೋವು ತಂದದ್ದು ಸಡಿಲವಾಗುತ್ತದೆ. ಬಾಯಿಪಾಠದಲ್ಲಿ ಬಿಟ್ಟುಹೋಗುವ ಸಂಗತಿಯೊಂದಿದೆ. ನೋವು ಅಷ್ಟೇ ಬಲವಾಗಿ ಕೆಲಸ ಮಾಡುವುದಿಲ್ಲವೆಂದು 1930ರ ದಶಕದ ಆರಂಭದಲ್ಲಿ ಥಾರ್ನ್‌ಡೈಕ್ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು.

1938ರಲ್ಲಿ ಅಲ್ಲಿಯದೇ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿಗಳಲ್ಲಿ ಇದನ್ನೇ ಕಂಡರು. ಸನ್ನೆಕೋಲು ಒತ್ತಿದಾಗ ಪಂಜಕ್ಕೆ ಏಟು ತಿಂದ ಇಲಿಗಳು ಸ್ವಲ್ಪ ಹೊತ್ತು ಸುಮ್ಮನಾದವು. ಏಟು ನಿಂತ ಮೇಲೆ ಒತ್ತಿ ಒತ್ತಿ, ಏಟು ತಿನ್ನದವುಗಳ ಲೆಕ್ಕಕ್ಕೆ ಸರಿಸಮವಾದವು. ಜೋರು ಶಿಕ್ಷೆ ಹೆಚ್ಚು ಕಾಲ ತಡೆಯುತ್ತದೆ ಎಂಬುದೂ ಮುಂದೆ ಗೊತ್ತಾಯಿತು, ನಿಜ. ಆದರೆ ತಡೆದ ಮಾತ್ರಕ್ಕೆ ಮಗ್ಗಿ ಬರಲಿಲ್ಲವಲ್ಲ.

ತೊಗರಿ ರಾಶಿಗೋ, ಹತ್ತಿ ಬಿಡಿಸಲಿಕ್ಕೋ, ಅಪ್ಪ-ಅವ್ವನ ಸಂಗಡ ಗುಳೆಗೋ ಹೋಗಿ ಬಂದ ಹುಡುಗನನ್ನು ನೋಡಿ. "ಇಷ್ಟು ದಿನ ಎಲ್ಲಿ ಸತ್ತಿದ್ದಿ?" ಎಂದು ಮಾಸ್ತರರು ನಾಲ್ಕು ಬಿಗಿದರೆ, ಅವರ ಲೆಕ್ಕದಲ್ಲಿ ಅದು ಸಾಲಿ ತಪ್ಪಿಸಿದ್ದಕ್ಕೆ. ಹುಡುಗನ ಮೈಯ ಲೆಕ್ಕದಲ್ಲಿ ಮರಳಿ ಬಂದದ್ದಕ್ಕೆ. ಮರುದಿನ ಅವನು ಹಳ್ಳದ ಕಡೆ ಹೋಗುತ್ತಾನೆ, ಪೆಟ್ಟು ತಪ್ಪುತ್ತದೆ. ಆ ನಿರಾಳವೇ ಅವನಿಗೆ ಬಹುಮಾನ.

ಬಹುಮಾನದ ಕಥೆಯೂ ಹೀಗೇ, ಯಾವುದಕ್ಕೆ ಗಂಟುಹಾಕಿದ್ದಾರೆ ಎಂಬುದರ ಮೇಲೆ ನಿಂತಿದೆ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ಯೋಜನೆಯಲ್ಲಿ ಶೇ. 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ. ಅಕ್ಕಿ ಮನೆಯ ಗಡಿಗೆಗೆ ಹೋಯಿತು, ಎಲ್ಲರ ಹೊಟ್ಟೆಗೆ ಹಂಚಿತು. ಬಡವರ ಮನೆಗೆ ಅದೇನು ಸಣ್ಣದಲ್ಲ. ಆದರೆ ಸೋಮವಾರ ಸಾಲಿಗೆ ಬಂದದ್ದಕ್ಕೂ ತಿಂಗಳ ಕೊನೆಯ ಚೀಲಕ್ಕೂ ಏನು ಸಂಬಂಧ ಎಂದು ಏಳು ವರ್ಷದ ಹುಡುಗಿಗೆ ಹೇಗೆ ತಿಳಿಯಬೇಕು? ಬೇಯಿಸಿದ ಊಟವನ್ನೇ ಕೊಡಿ ಎಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2002ರ ಜೂನ್‌ನಲ್ಲಿ ರಾಜ್ಯದ ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಸೇರಿದ್ದವು. ಯಾದಗಿರಿ ಆಗಿನ್ನೂ ಗುಲ್ಬರ್ಗಾದೊಳಗೇ ಇತ್ತು. ಇವತ್ತು ಬಂದರೆ ಇವತ್ತೇ, ಮಧ್ಯಾಹ್ನದ ಗಂಟೆಗೇ, ತನ್ನ ತಾಟಿಗೇ ಬಿಸಿ ಸಾರನ್ನ. ಸ್ಕಿನ್ನರ್ ಓದದ ಅಡುಗೆ ಅಕ್ಕಂದಿರು, ಬಹುಮಾನ ಕೂಡಲೇ ಸಿಗಬೇಕೆಂಬ ಅವರ ಪಾಠವನ್ನು ಸೌಟಿನಲ್ಲಿ ಬಡಿಸಿದರು.

ಹಾಗಂತ ಎಲ್ಲದಕ್ಕೂ ಚಾಕ್ಲೇಟು ಹಂಚಬಾರದು. ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಜೀವ ಬಿಡುತ್ತಿದ್ದ ಮಕ್ಕಳಿಗೆ ಮೊದಲೇ ಬಹುಮಾನದ ಆಸೆ ಹಚ್ಚಿದರೆ ಆಮೇಲೆ ಆ ಪೆನ್ನು ಮುಟ್ಟುವುದೇ ಕಡಿಮೆಯಾಯಿತೆಂದು 1973ರ ಅಮೆರಿಕದ ಪ್ರಯೋಗವೊಂದು ತೋರಿಸಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಛಡಿ ಮೂಲೆ ಸೇರಿತು, ಪೂರ್ತಿ ಅಲ್ಲದಿದ್ದರೂ. ಅದರ ಬದಲಿಗೆ ಕೈಯಲ್ಲಿ ಏನು ಹಿಡಿಯಬೇಕೆಂದು ಮಾಸ್ತರರಿಗೆ ಹೇಳಿಕೊಟ್ಟವರು ಕಡಿಮೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಫಲಿತಾಂಶ ಇಳಿದಾಗಲೆಲ್ಲ ನೋಟಿಸಿನ ಮಾತು ಏಳುತ್ತದೆ. ಈಗ ಅಂಗೈ ಚಾಚಿ ನಿಂತವರು ಮಾಸ್ತರರು. ಅದನ್ನು ಎಷ್ಟು ಕೆಳಗೆ ಬಿಡಬೇಕೆಂದು ಅವರೂ ಇಂಥದ್ದೇ ಸಾಲಿಯಲ್ಲಿ ಕಲಿತವರೇ.