ಹಿಮದೂರಲ್ಲೂ ಮಾಳಿಗೆ ತಣ್ಣಗಿರಬೇಕು

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿಯೆಲ್ಲ ಬಿಸಿ ಉಗುಳುತ್ತದೆ. ಅದಕ್ಕೇ ಏನೋ, ಹಿಮ ಬೀಳುವ ಊರಲ್ಲಿ ಛಾವಣಿ ಬೆಚ್ಚಗಿದ್ದಷ್ಟೂ ಒಳ್ಳೆಯದು, ಹಿಮ ತಾನೇ ಕರಗಿ ಹೋಗುತ್ತದೆ ಅಂತ ನಮ್ಮವರು ನಂಬಿಬಿಟ್ಟಿದ್ದಾರೆ. ಕೆನಡಾದಲ್ಲಿ ಮನೆ ಕೊಂಡ ಮಗನಿಗೆ ಇಲ್ಲಿಂದ ಫೋನಿನಲ್ಲಿ ಇದೇ ಸಲಹೆ ಹೋಗುವುದನ್ನು ಕೇಳಿದ್ದೇನೆ. ಪೂರ್ತಿ ತಪ್ಪು. ಅಲ್ಲೂ ಛಾವಣಿ ತಣ್ಣಗೇ ಇರಬೇಕು.

ಹೊರಗೆ ಮೈನಸ್ 10 ಡಿಗ್ರಿ, ಒಳಗೆ ಹೀಟರ್ ಹಾಕಿ 20 ಅಂತಿಟ್ಟುಕೊಳ್ಳಿ. ದೀಪದ ತೂತು, ಪೈಪಿನ ಸಂದು, ಅಟ್ಟದ ಬಾಗಿಲು, ಎಲ್ಲೆಲ್ಲಿ ಜಾಗ ಸಿಗುತ್ತದೋ ಅಲ್ಲಿಂದ ಬಿಸಿ ಗಾಳಿ ಅಟ್ಟಕ್ಕೆ ಏರುತ್ತದೆ. ಮೇಲೆ ಹಿಮ ಬಿದ್ದಿದೆ. ಹೊಸ ಹಿಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ, ಹಾಗಾಗಿ ಅದು ಕೌದಿ ಹೊದಿಸಿದಂತೆ ಛಾವಣಿಯ ಬಿಸಿಯನ್ನು ಹಿಡಿದಿಡುತ್ತದೆ. ಹೊರಗೆ ಅಷ್ಟು ಚಳಿಯಿದ್ದರೂ ಹಿಮದ ತಳ ಕರಗತೊಡಗುತ್ತದೆ. ನೀರು ಸೂರಿನ ಅಂಚಿಗೆ ಜಾರುತ್ತದೆ. ಅಂಚು ಗೋಡೆಯಿಂದಾಚೆ ಚಾಚಿರುತ್ತದೆ, ಅದಕ್ಕೆ ಮನೆಯ ಬಿಸಿ ತಾಗುವುದಿಲ್ಲ. ನೀರು ಅಲ್ಲೇ ಹೆಪ್ಪುಗಟ್ಟಿ ಒಡ್ಡು ಕಟ್ಟುತ್ತದೆ, ಅದರ ಹಿಂದೆ ನೀರು ನಿಲ್ಲುತ್ತದೆ. ಛಾವಣಿಗೆ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ತೆಳು ಹಲ್ಲೆಗಳು, ಅಂದರೆ ಶಿಂಗಲ್ಸ್, ಹರಿದುಹೋಗುವ ನೀರಿಗೆ ತಕ್ಕದ್ದು. ನಿಂತ ನೀರು ಅದರಡಿ ನುಸುಳಿ ಗೋಡೆಯೊಳಗೆ ಇಳಿಯುತ್ತದೆ. ಫೋಟೋದಲ್ಲಿ ಚಂದ ಕಾಣುವ, ಸೂರಿಗೆ ಜೋತುಬಿದ್ದ ಉದ್ದುದ್ದ ಹಿಮದ ಕೋಲುಗಳು ಬಹಳ ಸಲ ಮನೆಯ ಬಿಸಿ ಪೋಲಾಗುತ್ತಿದೆ ಅನ್ನುವುದರ ಗುರುತು.

ಅದಕ್ಕೇ ಮೊದಲು ತೂತು ಮುಚ್ಚಬೇಕು. ಆಮೇಲೆ ಅಟ್ಟದ ನೆಲಕ್ಕೆ ಬಿಸಿ ದಾಟದಂತೆ ತಡೆಯುವ ದಪ್ಪ ಇನ್ಸುಲೇಶನ್, ಸೂರಿನಡಿಯಿಂದ ತಂಪು ಗಾಳಿ ಬಂದು ನೆತ್ತಿಯಲ್ಲಿ ಹೊರಹೋಗುವ ದಾರಿ. ತಗಡೋ ಶಿಂಗಲ್ಸೋ ಎಂಬ ಚರ್ಚೆ ಆಮೇಲಿನದು. ತಗಡಿನಿಂದ ಹಿಮ ಬೇಗ ಜಾರುತ್ತದೆ, ನಿಜ. ಆದರೆ ಬಾಗಿಲ ಮುಂದೆ ಒಮ್ಮೆಲೇ ಕುಸಿಯದಂತೆ ತಡೆ ಹಾಕಿಸಬೇಕು.

ನಾರ್ವೆಯ ಹಳೆಯ ಮನೆಗಳ ಮೇಲೆ ಮಣ್ಣೇ ಇತ್ತು ಅಂದರೆ ನಂಬುತ್ತೀರಾ? ಹಲಗೆಯ ಮೇಲೆ ಬರ್ಚ್ ಮರದ ತೊಗಟೆ, ಅದರ ಮೇಲೆ ಸುಮಾರು 15 ಸೆಂ.ಮೀ. ದಪ್ಪಕ್ಕೆ ಹುಲ್ಲುಸಮೇತ ಮಣ್ಣಿನ ಹೆಂಟೆ. ನೀರು ತಡೆಯುತ್ತಿದ್ದದ್ದು ತೊಗಟೆ. ಮಣ್ಣು ಅದನ್ನು ಅಲುಗದಂತೆ ಒತ್ತಿಹಿಡಿದು ಮನೆಯ ಬಿಸಿಯನ್ನೂ ಒಳಗೇ ಉಳಿಸುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ತೊಲೆ-ಜಂತಿಯ ಮೇಲೆ ಹಾಕಿದ ದಪ್ಪ ಮಣ್ಣು ಬಿಸಿಲನ್ನು ಹೊರಗೇ ತಡೆಯುತ್ತದೆ. ಎರಡೂ ಕಡೆ ಕೆಲಸ ಒಂದೇ, ಅಲ್ವಾ?

ಹಿಮದೂರಲ್ಲಿ ಮನೆ ನೋಡಲು ಹೋಗುವವರು ಹಿಮ ಬೀಳುವುದು ನಿಂತ ಮರುದಿನ ಹೋಗಲಿ. ಅಕ್ಕಪಕ್ಕದ ಮನೆಗಳಿಗೆ ಬಿಸಿಲು ಒಂದೇ ಥರ ಬೀಳುತ್ತಿದ್ದು, ಇಳಿಜಾರೂ ಒಂದೇ ಥರ ಇದ್ದರೆ, ಯಾವ ಛಾವಣಿಯ ಹಿಮ ಮೊದಲು ಮಾಯವಾಗಿದೆಯೋ ಆ ಮನೆಯ ಹೀಟರ್ ಬಿಲ್ ಕೇಳಿ ನೋಡಲಿ.